ಹಳೇ ಕಬೋರ್ಡ್ ಬಾಗಿಲಿಗೆ ತೇಗದ ಪಟ್ಟಿ ಹಾಕ್ಸಿದ್ದು, 5ಕ್ಕೆ 4 ಸ್ಟಾರ್

ಮೈಸೂರಲ್ಲಿ ನಮ್ಮನೆ ಅಡುಗೆಮನೆ ಕಬೋರ್ಡ್ ಮಾಡ್ಸಿ 9 ವರ್ಷ ಆಯ್ತು. 18 ಎಂಎಂ ಪ್ಲೈವುಡ್ಡು, ಎರಡೂ ಕಡೆ ಸನ್ಮೈಕಾ, ಅಂಚಿಗೆ ಪಿವಿಸಿ ಟೇಪು. ಸಿಂಕ್ ಹತ್ರ ಆ ಟೇಪು ಕಿತ್ಕೊಂಡು ಬರೋಕೆ ಶುರುವಾಗಿ ಎರಡು ವರ್ಷ, ನಾನು ಫೆವಿಕ್ವಿಕ್ ಹಾಕಿ ಒತ್ತೋದು, ಮಾರನೇ ದಿನ ಒರೆಸೋ ಬಟ್ಟೆಗೆ ಸಿಕ್ಕಾಕ್ಕೊಂಡು ಇನ್ನೊಂದು ಗೇಣು ಎದ್ದು ಬರೋದು, ಇದೇ ಆಗೋಯ್ತು. ಮಾಡ್ಯುಲರ್ ಕಿಚನ್ ಅಂಗಡಿಯವರನ್ನ ಕೇಳಿದ್ರೆ ಎಲ್ಲಾ ಬಾಗಿಲೂ ಹೊಸದು ಹಾಕ್ಸಿ ಅಂತಾರೆ, ಅವರಿಗೇನು.

ಮೊದಲು ಒಬ್ಬರನ್ನ ಕರೆಸಿ ಒಂದು ಬಾಗಿಲು ಟ್ರಯಲ್‌ಗೆ ಕೊಟ್ಟೆ. ಟೇಪ್ ಕಿತ್ತು, ಅದೇ ಅಂಚಿನ ಮೇಲೆ 6 ಎಂಎಂ ಮರದ ಪಟ್ಟಿ ಅಂಟಿಸಿ ಪಿನ್ ಮೊಳೆ ಹೊಡೆದು ಹೋದ್ರು, ನೋಡೋಕೆ ಚೆನ್ನಾಗೇ ಇತ್ತು, ಆದ್ರೆ ಬಾಗಿಲು ಮುಚ್ಚೋಕ್ಕಾಗ್ತಿಲ್ಲ! ಎರಡು ಬಾಗಿಲ ಮಧ್ಯೆ ಇರೋ ಸಂದೇ 3 ಎಂಎಂ, ಅಲ್ಲಿ 6 ಎಂಎಂ ಎಲ್ಲಿಂದ ಕೂರುತ್ತೆ ಹೇಳಿ. ಸಾಲದ್ದಕ್ಕೆ ಹಳೇ ಟೇಪಿನ ಗಮ್ಮು ಕೆರೀದೆ ಅಂಟಿಸಿದ್ದು, ವಾರಕ್ಕೇ ಒಂದು ಮೂಲೆ ಬಿಟ್ಕೊಂಡಿತು.

ಆಮೇಲೆ ಸಿಕ್ಕಿದ್ದು ಸಾಮಿಲ್ ಹಿಂದೆ ಇರೋ ಸಣ್ಣ ವರ್ಕ್‌ಶಾಪು, ಅಪ್ಪ ಮಗ ಇಬ್ರೇ. ಆಚಾರ್ರು ಬಂದು ಪಟ್ಟಿ ಮಾತೇ ಎತ್ತಲಿಲ್ಲ, ಮೊದಲು ಸಂದು ಅಳೆದ್ರು, ಹಿಂಜು ಬಿಚ್ಚಿ ನೋಡಿದ್ರು. "ಸುತ್ತ 6 ಎಂಎಂ ಬಾಗಿಲನ್ನೇ ಕೊಯ್ದು ಇಳಿಸ್ಬೇಕು ಮೇಡಮ್, ಆಮೇಲೆ ಪಟ್ಟಿ, ಆಗ ಸೈಜ್ ಮೊದ್ಲಿದ್ದಂಗೇ ಇರುತ್ತೆ" ಅಂದ್ರು. ಕೊಯ್ದ ಹೊಸ ಅಂಚಿಗೆ ಗಮ್ಮು ಹಿಡಿಯೋದೂ ಚೆನ್ನಾಗಂತೆ. ಒಂದೇ ತೊಂದ್ರೆ ಹಿಂಜ್ ಕಡೆ. ಹಿಂಜಿನ ಬಟ್ಟಲು ಕೂರೋಕೆ ಬಾಗಿಲಲ್ಲಿ ಕೊರೆದಿರೋ 35 ಎಂಎಂ ಗುಂಡಿ ಅಂಚಿನಿಂದ ಬರೀ 4–5 ಎಂಎಂ ಒಳಗಿರುತ್ತೆ, 6 ಕೊಯ್ದ್ರೆ ಗುಂಡಿ ಗೋಡೇನೇ ಒಡೆಯುತ್ತೆ. ಅದಕ್ಕೆ ಆ ಒಂದು ಕಡೆ ಮಾತ್ರ 3 ಎಂಎಂ ಕೊಯ್ದು 3 ಎಂಎಂ ಪಟ್ಟಿ ಹಾಕಿದ್ರು, ಮುಚ್ಚಿದ್ಮೇಲೆ ಯಾರಿಗೂ ಗೊತ್ತಾಗಲ್ಲ. ನನಗೆ ಇವರ ಮೇಲೆ ನಂಬಿಕೆ ಬಂದಿದ್ದೇ ಆ ಲೆಕ್ಕ ಕೇಳಿದ್ಮೇಲೆ.

ಮರಕ್ಕೆ ನಮ್ಮಜ್ಜಿ ಮಂಚ ಕೊಟ್ಟೆ, ಕಾಲು ಮುರಿದು ಅಟ್ಟದಲ್ಲಿ ಬಿದ್ದಿತ್ತು, ಅಪ್ಪಟ ತೇಗ. (ಅಮ್ಮ ಎರಡು ದಿನ ಮಾತಾಡಲಿಲ್ಲ, ಈಗ ಬಂದೋರಿಗೆಲ್ಲ ಅವರೇ ತೋರಿಸ್ತಾರೆ.) ಹಳೇ ಮರದಲ್ಲಿ ಮೊಳೆ ಇದ್ರೆ ಬ್ಲೇಡು ಹೋಯ್ತು ಅಂತ ಆಚಾರ್ರ ಮಗ ಮ್ಯಾಗ್ನೆಟ್ ಹಿಡ್ಕೊಂಡು ಪೂರ್ತಿ ಸವರಿ ಐದು ಮೊಳೆ ತೆಗೆದ. ತೇಗದಲ್ಲಿ ಎಣ್ಣೆ ಅಂಶ ಜಾಸ್ತಿ ಅಲ್ವಾ, ಅದಕ್ಕೆ ಅಂಟಿಸೋಕೆ ಸ್ವಲ್ಪ ಮುಂಚೆ ಥಿನ್ನರ್ ಹಾಕಿ ಒರೆಸಿ ಫೆವಿಕಾಲ್ ಮರೈನ್ (ನೀರು ತಡೆಯೋ ಗಮ್ಮು) ಹಚ್ಚಿದ್ರು. ಒಂದು ಮೊಳೇನೂ ಹೊಡೀಲಿಲ್ಲ, ಮಾಸ್ಕಿಂಗ್ ಟೇಪನ್ನೇ ಒಂದೊಂದು ಇಂಚಿಗೂ ಬಿಗಿಯಾಗಿ ಎಳೆದು ಕಟ್ಟಿ ಮಾರನೇ ದಿನದವರೆಗೂ ಮುಟ್ಟಲಿಲ್ಲ. ಪಟ್ಟಿ ಅಗಲಾನ ಬಾಗಿಲ ದಪ್ಪಕ್ಕಿಂತ ಒಂದು ಎಂಎಂ ಜಾಸ್ತಿ ಬಿಟ್ಟು, ಗಮ್ಮು ಒಣಗಿದ್ಮೇಲೆ ಕೀಸುಳಿ ಹಾಕಿ ಸನ್ಮೈಕಾ ಮಟ್ಟಕ್ಕೆ ಇಳಿಸಿದ್ರು. ಈ ಹಂತದಲ್ಲೇ ಒಂದು ಬಾಗಿಲಿಗೆ ಎರಡಿಂಚು ಗೀರು ಬಿತ್ತು, ಮಗನ ಕೈಚಳಕ. ಬಾಯಲ್ಲಿ ಸಾರಿ ಹೇಳಿದ್ರು ಅಷ್ಟೇ, ದುಡ್ಡಲ್ಲಿ ಏನೂ ಬಿಡಲಿಲ್ಲ.

ಸಿಂಕ್ ಕೆಳಗಿನ ಬಾಗಿಲ ಕಥೆ ಬೇರೆ. ಕೊಯ್ದಾಗ ಒಳಗೆ ಪದರಗಳ ಮಧ್ಯೆ ಪೊಳ್ಳು, ಬೆರಳ ತುದಿ ಹೋಗುವಷ್ಟು. ನೀರು ತಡೆಯೋ, ಒಳಗೆ ಪೊಳ್ಳಿರಬಾರದ ಮರೈನ್ ಪ್ಲೈ ಅಂತ ಹೇಳಿ ಅದರ ರೇಟೇ ತಗೊಂಡಿದ್ರು ಆಗ ಮಾಡಿದೋರು. ಉಬ್ಬಿದ್ದ ಅರ್ಧ ಇಂಚು ಕೊಯ್ದು ಬಿಸಾಕಿ ಕೆಳಗಡೆ ಅಗಲ ಪಟ್ಟಿ ಕೊಟ್ಟಿದ್ದಾರೆ, ಅದೊಂದು ಮಾತ್ರ ಬೇರೆ ಥರ ಕಾಣುತ್ತೆ, ನನಗೇನೋ ಇಷ್ಟಾನೇ ಆಯ್ತು.

ಮೂಲೆಗಳೆಲ್ಲ ಓರೆಯಾಗಿ ಕೊಯ್ದು ಜೋಡಿಸಿದ್ದು. ಹನ್ನೊಂದು ಬಾಗಿಲಲ್ಲಿ ಎರಡರ ಮೂಲೆ ಈಗ ಕೂದಲೆಳೆಯಷ್ಟು ಬಿಟ್ಟಿದೆ, ಒಂದು ಸ್ಟಾರ್ ಕಟ್ ಮಾಡಿದ್ದು ಅದಕ್ಕೆ, ಮತ್ತೆ ನಾಲ್ಕು ದಿನ ಅಂದಿದ್ದು ಹನ್ನೆರಡು ದಿನ ಆಗಿದ್ದಕ್ಕೆ. ಅಷ್ಟೂ ದಿನ ಬಾಗಿಲಿಲ್ಲದ ಕಬೋರ್ಡು, ಬಂದೋರೆಲ್ಲ ನಮ್ಮನೆ ಬೇಳೆ ಡಬ್ಬ ಎಣಿಸ್ಕೊಂಡು ಹೋದ್ರು. ಮರ ನಮ್ಮದೇ ಆದ್ರಿಂದ ಕೂಲಿ, ಗಮ್ಮು ಸೇರಿ ಅಡಿಗೆ 70 ರೂಪಾಯಿ, ಸುಮಾರು 80 ಅಡಿ, ಪಾಲಿಶ್ ಬೇರೆ 2,500. ಪಾಲಿಶ್ ಎರಡು ಕೋಟು ಸಾಕು ಅಂತಾರೆ, ಬಿಡಬೇಡಿ, ಸಿಂಕ್ ಹತ್ರದ್ದಕ್ಕೆ ಮೂರು ಹಾಕಿಸ್ಕೊಳ್ಳಿ, ಕೆಳಗಿನ ಅಂಚಿಗೂ ಹಚ್ಚಿದ್ದಾರಾ ಅಂತ ಬಗ್ಗಿ ನೋಡಿ. ನಮ್ಮನೇಲಿ ಬಿಟ್ಟಿದ್ರು, ನಾನು ಹೇಳಿದ್ಮೇಲೆ ಹಚ್ಚಿದ್ದು.

ಡ್ರಾಯರ್ ಮುಂಭಾಗ ನಾಲ್ಕು ಇನ್ನೂ ಬಾಕಿ ಇವೆ, ಅವನ್ನೂ ಇವರಿಗೇ ಕೊಡ್ತೀನಿ. ಮಳೆಗಾಲ ಮುಗೀಲಿ, ಮರ ತೇವ ಹಿಡಿದಿರುವಾಗ ಬೇಡ ಅಂದಿದ್ದಾರೆ ಆಚಾರ್ರು. ಮಂಚದ ಇನ್ನೊಂದು ಪಟ್ಟಿ ಹಾಗೇ ಅಟ್ಟದಲ್ಲಿದೆ.