ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹೊಸ ಗಣಕ ವ್ಯವಸ್ಥೆ: ಒಂದು ವಿಶ್ಲೇಷಣಾ ಸೇವೆಯ ವಿಮರ್ಶೆ

ಹೊಸ ಗಣಕ ವ್ಯವಸ್ಥೆಯನ್ನು ಕಟ್ಟುವ ಮುನ್ನ ಅದರ ವಿಶ್ಲೇಷಣೆಯನ್ನಷ್ಟೇ (ಕೆಲಸ ಈಗ ಹೇಗೆ ನಡೆಯುತ್ತಿದೆ, ವ್ಯವಸ್ಥೆಯಿಂದ ಏನು ಬೇಕು ಎಂಬುದನ್ನು ಕಂಡು ಬರೆಯುವುದನ್ನು) ಪ್ರತ್ಯೇಕ ಕೆಲಸವಾಗಿ ಒಪ್ಪಿಕೊಂಡು, ಮುಂದಿನ ನಿರ್ಮಾಣವೂ ತಮಗೇ ಸಿಗಬೇಕೆಂಬ ಷರತ್ತಿಲ್ಲದೆ ಮಾಡಿಕೊಡುವವರು ನಮ್ಮ ಕಡೆ ವಿರಳ. ಬೆಳೆಗಾರರು ತಂದ ಒಣ ಕಾಫಿಯ ಸಿಪ್ಪೆ ಬಿಡಿಸಿ ದರ್ಜೆ ಮಾಡಿಕೊಡುವ, ಚಿಕ್ಕಮಗಳೂರಿನ ನಮ್ಮ ಕಾಫಿ ಕ್ಯೂರಿಂಗ್ ವರ್ಕ್ಸ್‌ಗೆ ಹಾಸನದ ಸಣ್ಣ ತಂತ್ರಾಂಶ ತಂಡವೊಂದು ಈ ಸೇವೆಯನ್ನು ಒದಗಿಸಿತು. ಅವರ ಕೆಲಸದಲ್ಲಿ ಮೆಚ್ಚಬೇಕಾದದ್ದು ಬಹಳವಿದೆ, ಆಕ್ಷೇಪಿಸಬೇಕಾದದ್ದೂ ಇದೆ. ಎರಡನ್ನೂ ಬಿಚ್ಚಿ ಬರೆಯಬೇಕಾಗಿರುವುದರಿಂದ ತಂಡದ ಹೆಸರನ್ನು ಇಲ್ಲಿ ಕೊಡುತ್ತಿಲ್ಲ. ಗೋದಾಮು, ಮಿಲ್ಲು, ಸಹಕಾರ ಸಂಘ ನಡೆಸುವವರು ಇಂಥ ಸೇವೆಗೆ ಹಣ ಕೊಡುವಾಗ ಏನನ್ನು ಕೇಳಿ ಪಡೆಯಬೇಕೆಂಬುದು ಸ್ಪಷ್ಟವಾಗಲಿ ಎಂಬುದು ನನ್ನ ಉದ್ದೇಶ.

ನಮ್ಮಲ್ಲಿಗೆ ಮೊದಲು ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ಸುಲಿದು, ತೊಳೆದು ಒಣಗಿಸಿದ ಕಾಫಿ), ಹೊಸ ವರ್ಷ ಹುಟ್ಟಿದ ಮೇಲೆ ರೊಬಸ್ಟಾ ಚೆರಿ (ಹಣ್ಣನ್ನು ಇಡಿಯಾಗಿ ಒಣಗಿಸಿದ್ದು) ಬರತೊಡಗುತ್ತದೆ. ಲಾರಿಯು ವೇಬ್ರಿಜ್ (ಲಾರಿಯನ್ನು ಸರಕಿನ ಸಮೇತ ತೂಗುವ ಕಟ್ಟೆ) ದಾಟುವಾಗ ತೂಕದ ಚೀಟಿ ಹುಟ್ಟುತ್ತದೆ. ಮಾದರಿ ತೆಗೆದು ತೇವಾಂಶ ಅಳೆಯುತ್ತಾರೆ. ಔಟ್‌ಟರ್ನ್ ಪರೀಕ್ಷೆ ಮಾಡಿ 50 ಕೆ.ಜಿ. ಚೀಲಕ್ಕೆ ಎಷ್ಟು ಕ್ಲೀನ್ ಕಾಫಿ (ಸಿಪ್ಪೆ ತೆಗೆದ ಬೀಜ) ಬರುತ್ತದೆಂದು ನಿರ್ಧರಿಸುತ್ತಾರೆ. ಲಾಟ್ ಸಂಖ್ಯೆ ಕೊಟ್ಟು ಗೋದಾಮಿಗೆ ಇಳಿಸುತ್ತಾರೆ. ಆಮೇಲೆ ಮುಂಗಡ, ಹಲ್ಲಿಂಗ್ (ಯಂತ್ರದಲ್ಲಿ ಸಿಪ್ಪೆ ಬಿಡಿಸುವುದು), ದರ್ಜೆವಾರು ತೂಕ, ಕೊನೆಗೆ ಬೆಳೆಗಾರರ ಲೆಕ್ಕ. ಹಳೆಯ ತಂತ್ರಾಂಶವು ಮುಂಗಡ ಮತ್ತು ಪಾವತಿಯನ್ನಷ್ಟೇ ನೋಡಿಕೊಳ್ಳುತ್ತಿತ್ತು. ಉಳಿದದ್ದೆಲ್ಲ ರಿಜಿಸ್ಟರ್‌ಗಳಲ್ಲಿ ಇತ್ತು, ಅಥವಾ ಇದೆಯೆಂದು ನಾವು ನಂಬಿದ್ದೆವು.

ಇದಕ್ಕೆ ಮುಂಚೆ ನಮ್ಮನ್ನು ಕಂಡ ತಂತ್ರಾಂಶ ಮಾರಾಟಗಾರರೆಲ್ಲರೂ ಕೇಳಿದ್ದು ಒಂದೇ: ಯಾವ ಯಾವ ವರದಿಗಳು ಬೇಕು, ಪಟ್ಟಿ ಕೊಡಿ. ಪಟ್ಟಿ ಕೈಗೆ ಸಿಕ್ಕೊಡನೆ ದರಪಟ್ಟಿ ಬರುತ್ತಿತ್ತು. ಹಾಸನದ ತಂಡ ಪಟ್ಟಿ ಕೇಳಲಿಲ್ಲ. ವೇಬ್ರಿಜ್ ಕೊಠಡಿಯಲ್ಲಿಯೂ ಗೋದಾಮಿನಲ್ಲಿಯೂ ಕುಳಿತು ಕೆಲಸ ನೋಡಲು ಅನುಮತಿ ಕೇಳಿತು. ಈ ಹಂತದ ಬಗೆಗಿನ ಪಠ್ಯಪುಸ್ತಕಗಳು ಸಂದರ್ಶನ, ವೀಕ್ಷಣೆ, ದಾಖಲೆಗಳ ಪರಿಶೀಲನೆ, ಪ್ರಶ್ನಾವಳಿ ಎಂಬ ನಾಲ್ಕು ದಾರಿಗಳನ್ನು ಹೇಳುತ್ತವೆ. ಬೆಳೆಗಾರರಿಗೆ ಕಳಿಸಿದ ಪ್ರಶ್ನಾವಳಿಯಿಂದ ಹೇಳಿಕೊಳ್ಳುವಂಥದ್ದೇನೂ ಬರಲಿಲ್ಲ. ಸಂದರ್ಶನಗಳಲ್ಲಿ ಪ್ರತಿಯೊಬ್ಬರೂ ಕೆಲಸ ಹೇಗೆ ನಡೆಯಬೇಕೋ ಹಾಗೆ ಹೇಳಿದರು. ಅದು ನಿಜವಾಗಿ ಹೇಗೆ ನಡೆಯುತ್ತದೆಂಬುದು ಪಕ್ಕದಲ್ಲಿ ಕುಳಿತಾಗ ಮಾತ್ರ ಕಂಡಿತು. ಈ ಸೇವೆಯ ಬೆಲೆ ಇರುವುದು ಆ ವ್ಯತ್ಯಾಸವನ್ನು ಹಿಡಿದು ಕಾಗದಕ್ಕೆ ಇಳಿಸಿದ್ದರಲ್ಲಿ.

ಅತ್ಯುತ್ತಮ ಉದಾಹರಣೆ ಲಾಟ್‌ಗಳ ಕೂಡಿಕೆಯದು. ಸಣ್ಣ ಬೆಳೆಗಾರರ ಕೆಲವೇ ಚೀಲಗಳ ಲಾಟ್‌ಗಳನ್ನು ಒಂದೊಂದಾಗಿ ಹಲ್ಲರ್‌ಗೆ ಹಾಕಲಾಗದು. ಹಲವನ್ನು ಕೂಡಿಸಿ ಒಟ್ಟಿಗೆ ಹಾಯಿಸುತ್ತಾರೆ. ಬಂದ ಕ್ಲೀನ್ ಕಾಫಿಯನ್ನು ಮತ್ತೆ ಪ್ರತಿ ಬೆಳೆಗಾರರ ಹೆಸರಿಗೆ ಹಂಚಬೇಕು. ತಂಡದ ಹಿರಿಯ ವಿಶ್ಲೇಷಕಿ ಈ ಭಾಗದ ದತ್ತಾಂಶ ಹರಿವಿನ ನಕ್ಷೆಯನ್ನು ಬರೆದಾಗ ಒಂದು ದೋಷ ಎದ್ದು ಕಂಡಿತು. ಈ ನಕ್ಷೆಗಳಲ್ಲಿ ಹೊರಗಿನವರು, ಪ್ರಕ್ರಿಯೆ, ದತ್ತಾಂಶದ ಸಂಗ್ರಹ, ಹರಿವು ಎಂಬ ನಾಲ್ಕೇ ಗುರುತುಗಳಿರುತ್ತವೆ, ಮತ್ತು ಯಾವ ಪ್ರಕ್ರಿಯೆಯಿಂದಲೂ ಅದರೊಳಗೆ ಬಾರದ ಮಾಹಿತಿ ಹೊರಗೆ ಬರಕೂಡದೆಂಬುದು ಅವುಗಳ ಮೂಲ ನಿಯಮ. ನಮ್ಮ ನಕ್ಷೆಯಲ್ಲಿ ‘ಹಂಚಿಕೆ’ ಎಂಬ ಪ್ರಕ್ರಿಯೆಯಿಂದ ಪ್ರತಿ ಬೆಳೆಗಾರರ ತೂಕ ಹೊರಬರುತ್ತಿತ್ತು. ಆದರೆ ಯಾವ ಲಾಟ್‌ನ ಎಷ್ಟು ಚೀಲ ಯಾವ ಕೂಡಿಕೆಗೆ ಹೋಯಿತೆಂಬುದು ಯಾವ ರಿಜಿಸ್ಟರ್‌ನಿಂದಲೂ ಒಳಬರುತ್ತಿರಲಿಲ್ಲ. ಆಕೆ ಗೋದಾಮಿನ ಮೇಲ್ವಿಚಾರಕರನ್ನು ಕೇಳಿದರು. “ಅದು ರಿಜಿಸ್ಟರ್‌ನಲ್ಲಿ ಬರೋದಿಲ್ಲ ಮೇಡಂ, ನನ್ನ ಪುಸ್ತಕದಲ್ಲಿ ಇರುತ್ತೆ” ಎಂದು ಅವರು ಜೇಬಿನಿಂದ ಸಣ್ಣ ನೋಟ್‌ಬುಕ್ ತೆಗೆದುಕೊಟ್ಟರು. ಎಷ್ಟೋ ಹಂಗಾಮುಗಳಿಂದ ನಮ್ಮ ಬೆಳೆಗಾರರ ಲೆಕ್ಕ ನಿಂತಿದ್ದದ್ದು ಆ ನೋಟ್‌ಬುಕ್ಕಿನ ಮೇಲೆ. ಅವರು ನಿವೃತ್ತರಾಗಿದ್ದರೆ ಅದರ ಜೊತೆಗೆ ಹಂಚಿಕೆಯ ಕ್ರಮವೂ ಹೊರಟುಹೋಗುತ್ತಿತ್ತು. ವರದಿಗಳ ಪಟ್ಟಿಯನ್ನು ಹಿಡಿದು ತಂತ್ರಾಂಶ ಬರೆಯುವ ಯಾರಿಗೂ ಇದು ಸಿಗುತ್ತಿರಲಿಲ್ಲ.

ತೂಕದ ಪ್ರಶ್ನೆಯನ್ನೂ ಅವರು ಇಷ್ಟೇ ಶ್ರದ್ಧೆಯಿಂದ ಬೆನ್ನುಹತ್ತಿದರು. ಕಾಫಿ ಮಂಡಳಿಯ ಮಾರ್ಗಸೂಚಿಯಂತೆ ಪಾರ್ಚ್‌ಮೆಂಟ್ ಶೇ. 10, ಅರೇಬಿಕಾ ಚೆರಿ ಶೇ. 10.5, ರೊಬಸ್ಟಾ ಚೆರಿ ಶೇ. 11 ತೇವಾಂಶಕ್ಕೆ ಒಣಗಿರಬೇಕು. ಮಳೆಗಾಲದಲ್ಲಿ ಗೋದಾಮಿನ ಕಾಫಿ ತೇವ ಹೀರಿ ತೂಕ ಏರುತ್ತದೆ; ಹಸಿ ಇದ್ದು ಬಂದದ್ದು ಒಣಗಿ ಇಳಿಯುತ್ತದೆ. ಆ ಏರಿಳಿತವನ್ನು ಯಾವ ಖಾತೆಗೆ ಹಾಕುತ್ತೀರಿ ಎಂಬ ಪ್ರಶ್ನೆಗೆ ಲೆಕ್ಕಪತ್ರ ವಿಭಾಗ ಒಂದು ಉತ್ತರ ಕೊಟ್ಟಿತು, ಗೋದಾಮು ಇನ್ನೊಂದು. ತಂಡ ತನ್ನದೇ ತೀರ್ಪು ಕೊಡದೆ, ಎರಡೂ ಉತ್ತರಗಳನ್ನು ಅಕ್ಕಪಕ್ಕದಲ್ಲಿ ಬರೆದು ನಿರ್ಧಾರವನ್ನು ಆಡಳಿತ ಮಂಡಳಿಯ ಮುಂದಿಟ್ಟಿತು. ವಿಶ್ಲೇಷಕರು ವ್ಯವಹಾರದ ನಿಯಮವನ್ನು ತಾವೇ ಊಹಿಸಿ ತುಂಬಿಬಿಡುವುದು ಈ ಹಂತದ ದೊಡ್ಡ ಅಪಾಯ. ಇವರು ಅದರಿಂದ ದೂರ ಉಳಿದದ್ದನ್ನು ನಾನು ವಿಶೇಷವಾಗಿ ಗುರುತಿಸುತ್ತೇನೆ.

ದತ್ತಾಂಶದ ರಚನೆಗೆ ಅವರು ಬಳಸಿದ್ದು 1976ರಲ್ಲಿ ಪೀಟರ್ ಚೆನ್ ಮುಂದಿಟ್ಟ, ಘಟಕ ಮತ್ತು ಸಂಬಂಧಗಳನ್ನು ಚಿತ್ರಿಸುವ ಮಾದರಿಯನ್ನು. ಹಳೆಯ ತಂತ್ರಾಂಶದಲ್ಲಿ ಒಬ್ಬ ಬೆಳೆಗಾರರಿಗೆ ಒಂದು ಖಾತೆ, ಒಂದು ತೋಟ. ಆದರೆ ಇಲ್ಲಿನ ಕುಟುಂಬಗಳಲ್ಲಿ ತೋಟ ತಂದೆಯ ಹೆಸರಿನಲ್ಲಿರುತ್ತದೆ, ಕಾಫಿಯನ್ನು ಅಣ್ಣತಮ್ಮಂದಿರು ಬೇರೆ ಬೇರೆಯಾಗಿ ತಂದು ಹಾಕುತ್ತಾರೆ, ಮುಂಗಡವನ್ನು ತಾಯಿ ಪಡೆದಿರುತ್ತಾರೆ. ಪಾಲಾದ ಮೇಲೂ ಹಳೆಯ ಖಾತೆಯೇ ನಡೆಯುತ್ತಿರುತ್ತದೆ. ತೋಟ, ಖಾತೆ, ಹಣ ಪಡೆಯುವ ವ್ಯಕ್ತಿ ಇವು ಮೂರು ಪ್ರತ್ಯೇಕ ಘಟಕಗಳೆಂದು ನಕ್ಷೆಯಲ್ಲಿ ಬೇರ್ಪಡಿಸಿದಾಗ, ಕೌಂಟರ್‌ನಲ್ಲಿ ಪದೇ ಪದೇ ನಡೆಯುತ್ತಿದ್ದ ಅನೇಕ ವಾದಗಳ ಮೂಲ ಕಣ್ಣಿಗೆ ಕಂಡಿತು. ಇದೇ ರಚನೆ ಇನ್ನೊಂದಕ್ಕೂ ಒದಗಿತು. ಅರಣ್ಯನಾಶ ತಡೆಯಲು ಐರೋಪ್ಯ ಒಕ್ಕೂಟ 2023ರಲ್ಲಿ ತಂದ ನಿಯಮವು, ಅಲ್ಲಿಗೆ ಹೋಗುವ ಕಾಫಿ ಬೆಳೆದ ಜಾಗದ ಭೌಗೋಳಿಕ ನಿರ್ದೇಶಾಂಕಗಳನ್ನು ಕೇಳುತ್ತದೆ. 4 ಹೆಕ್ಟೇರ್‌ಗಿಂತ ದೊಡ್ಡ ತಾಕಾದರೆ ಒಂದು ಬಿಂದು ಸಾಲದು, ಗಡಿಯನ್ನೇ ಗುರುತಿಸಬೇಕು. ಅದರ ಜಾರಿ ಮುಂದಕ್ಕೆ ಹೋಗಿದ್ದರೂ, ರಫ್ತುದಾರರು ಈ ಮಾಹಿತಿ ಕೇಳುವುದನ್ನು ನಿರೀಕ್ಷಿಸಿ, ತೋಟದ ದಾಖಲೆಯಲ್ಲಿಯೇ ಜಾಗ ಬಿಟ್ಟದ್ದು ದೂರದೃಷ್ಟಿಯ ಕೆಲಸ.

ಯಾವುದನ್ನು ಹೊಸದಾಗಿ ಕಟ್ಟಿಸುವುದು ಸಾಧ್ಯ ಮತ್ತು ಲಾಭಕರ ಎಂದು ಹೇಳುವ ಕಾರ್ಯಸಾಧ್ಯತೆಯ ವರದಿಯ ಬಗ್ಗೆ ಒಂದೇ ಮಾತು: ಲೆಕ್ಕಪತ್ರಕ್ಕೆ ಮಾರುಕಟ್ಟೆಯಲ್ಲಿ ಸಿಗುವ ಸಿದ್ಧ ತಂತ್ರಾಂಶವನ್ನೇ ಉಳಿಸಿಕೊಂಡು, ಆವಕ ಮತ್ತು ಹಲ್ಲಿಂಗ್ ಭಾಗವನ್ನಷ್ಟೇ ಹೊಸದಾಗಿ ಕಟ್ಟಿಸಿ ಎಂದು ಅವರು ಸಲಹೆ ಕೊಟ್ಟರು. ಮುಂದೆ ತಮಗೆ ಬರಬಹುದಾಗಿದ್ದ ಕೆಲಸವನ್ನು ತಾವೇ ಕುಗ್ಗಿಸಿಕೊಳ್ಳುವ ಸಲಹೆ ಅದು.

ಇನ್ನು ಆಕ್ಷೇಪಗಳು. ಅಗತ್ಯಗಳ ವಿವರಣಾ ಪತ್ರದಲ್ಲಿ ವ್ಯವಸ್ಥೆ ಏನು ಮಾಡಬೇಕೆಂಬ ಭಾಗ ಎಷ್ಟು ಖಚಿತವಾಗಿದೆಯೋ, ಎಷ್ಟು ಚೆನ್ನಾಗಿ ಮಾಡಬೇಕೆಂಬ ಭಾಗ ಅಷ್ಟೇ ಸಡಿಲವಾಗಿದೆ. ‘ವ್ಯವಸ್ಥೆ ವೇಗವಾಗಿ ಪ್ರತಿಕ್ರಿಯಿಸಬೇಕು’, ‘ಬಳಸಲು ಸುಲಭವಾಗಿರಬೇಕು’ ಎಂಬಂಥ ವಾಕ್ಯಗಳನ್ನು ಯಾರೂ ಪರೀಕ್ಷಿಸಲಾರರು. ರೊಬಸ್ಟಾ ಹಂಗಾಮಿನಲ್ಲಿ ಲಾರಿಗಳು ಗೇಟಿನಿಂದಾಚೆ ರಸ್ತೆಯವರೆಗೆ ನಿಂತಿರುವಾಗ ಒಂದು ತೂಕದ ಚೀಟಿ ಎಷ್ಟು ಸೆಕೆಂಡಿನಲ್ಲಿ ಹೊರಬರಬೇಕು, ಕರೆಂಟು ಹೋದಾಗ ಅಥವಾ ಇಂಟರ್‌ನೆಟ್ ಕಡಿದಾಗ ವೇಬ್ರಿಜ್ ತನ್ನಷ್ಟಕ್ಕೆ ಎಷ್ಟು ಹೊತ್ತು ನಡೆಯಬೇಕು, ಸಂಪರ್ಕ ಮರಳಿದಾಗ ಚೀಟಿಗಳ ಸಂಖ್ಯೆ ಹೇಗೆ ಹೊಂದಬೇಕು ಎಂಬುದನ್ನು ಅಂಕಿಗಳಲ್ಲಿ ಬರೆಯಬೇಕಿತ್ತು. ಇದಕ್ಕೆ ಕಾರಣವೂ ತಿಳಿಯದ್ದೇನಲ್ಲ. ಅವರ ವೀಕ್ಷಣೆಯ ಬಹುಭಾಗ ನಡೆದದ್ದು ಮಳೆಗಾಲದಲ್ಲಿ, ಆವಕ ನಿಂತು ಅಂಗಳ ಖಾಲಿಯಿದ್ದಾಗ. ಕಾಫಿ, ಅಡಿಕೆ, ಮೆಣಸಿನಂಥ ಹಂಗಾಮಿನ ವ್ಯವಹಾರಕ್ಕೆ ವಿಶ್ಲೇಷಣೆ ಮಾಡಿಸುವವರು, ಒತ್ತಡದ ತಿಂಗಳಲ್ಲಿ ಒಮ್ಮೆಯಾದರೂ ವೀಕ್ಷಣೆ ಇರಬೇಕೆಂದು ಕರಾರಿನಲ್ಲಿಯೇ ಬರೆಸಿಕೊಳ್ಳಬೇಕು.

ಎರಡನೆಯದು ಭಾಷೆ. ಆ ಪತ್ರದ ಕರಡು ಪೂರ್ತಿ ಇಂಗ್ಲಿಷಿನಲ್ಲಿತ್ತು. ಗೋದಾಮು ಮತ್ತು ವೇಬ್ರಿಜ್ ಸಿಬ್ಬಂದಿಯ ಸಹಿ ಕೇಳಲಾಗಿತ್ತು. ಓದಲಾಗದ ಪತ್ರಕ್ಕೆ ಹಾಕುವ ಸಹಿ ಒಪ್ಪಿಗೆಯಾಗುವುದಿಲ್ಲ. ನಾವು ಒತ್ತಾಯಿಸಿದ ಮೇಲೆ ಆಯಾ ವಿಭಾಗಕ್ಕೆ ಸಂಬಂಧಿಸಿದ ಪುಟಗಳನ್ನು ಕನ್ನಡದಲ್ಲಿ ಬರೆದು, ಸಾಲು ಸಾಲಾಗಿ ಓದಿ ಹೇಳಿದರು. ಆ ಓದಿನಲ್ಲಿಯೇ ಮೇಲ್ವಿಚಾರಕರು ಹಂಚಿಕೆಯ ಸೂತ್ರದಲ್ಲಿದ್ದ ಒಂದು ತಪ್ಪನ್ನು ಹಿಡಿದರು: ಕೂಡಿಸಿದ ಲಾಟ್‌ಗಳ ಕಾಫಿಯನ್ನು ಚೀಲಗಳ ಲೆಕ್ಕದಲ್ಲಿ ಹಂಚುವಂತೆ ಬರೆಯಲಾಗಿತ್ತು, ಹಂಚಬೇಕಾದದ್ದು ಪ್ರತಿ ಲಾಟ್‌ನ ತೂಕವನ್ನು ಅದರ ಔಟ್‌ಟರ್ನ್‌ನೊಂದಿಗೆ ಗುಣಿಸಿ ಬಂದ ಪ್ರಮಾಣದಲ್ಲಿ. ಇದು ತಂತ್ರಾಂಶವಾಗಿ ಹೊರಬಂದ ಮೇಲೆ ತಿಳಿದಿದ್ದರೆ ಚೆನ್ನಾಗಿ ಒಣಗಿಸಿ, ಒಳ್ಳೆಯ ಕಾಫಿ ತಂದ ಬೆಳೆಗಾರರಿಗೆ ನಷ್ಟವಾಗುತ್ತಿತ್ತು. ಕನ್ನಡದ ಓದು ಸೇವೆಯ ಭಾಗವಾಗಿ ಮೊದಲಿನಿಂದಲೇ ಇರಬೇಕಿತ್ತು.

ಬೆಳೆಗಾರರ ಆಧಾರ್ ಮತ್ತು ಬ್ಯಾಂಕ್ ವಿವರಗಳನ್ನು ಯಾರು ನೋಡಬಹುದು, ಎಷ್ಟು ಕಾಲ ಇಟ್ಟುಕೊಳ್ಳಬಹುದು ಎಂಬುದರ ಬಗ್ಗೆಯೂ ಪತ್ರದಲ್ಲಿ ಹೆಚ್ಚೇನೂ ಇಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದ ನಂತರ ಇದನ್ನು ವಿನ್ಯಾಸದ ಹಂತಕ್ಕೆ ತಳ್ಳುವುದು ಸರಿಯಲ್ಲ.

ಕೊನೆಗೆ ನಮ್ಮ ಕೈಗೆ ಬಂದ ಕಡತದಲ್ಲಿ, ಮೇಲೆ ಹೇಳಿದ ಸಡಿಲ ವಾಕ್ಯಗಳನ್ನು ಬಿಟ್ಟರೆ, ಪ್ರತಿ ಅಗತ್ಯಕ್ಕೂ ಒಂದು ಸಂಖ್ಯೆ, ಅದನ್ನು ಕೇಳಿದ ವಿಭಾಗದ ಹೆಸರು, ಅದು ಈಡೇರಿದೆಯೆಂದು ತಿಳಿಯಲು ಮಾಡಬೇಕಾದ ಪರೀಕ್ಷೆ ಇವೆ. ನಿರ್ಮಾಣಕ್ಕೆ ದರ ಕೇಳುವಾಗ ಇದೇ ಕಡತವನ್ನು ಎಲ್ಲರಿಗೂ ಕೊಟ್ಟೆವು. ಬಂದ ದರಪಟ್ಟಿಗಳನ್ನು ಸಂಖ್ಯೆವಾರು ಹೋಲಿಸಲು ಸಾಧ್ಯವಾಯಿತು, ಯಾರು ಯಾವುದನ್ನು ಬಿಟ್ಟಿದ್ದಾರೆಂಬುದು ಒಂದೇ ನೋಟಕ್ಕೆ ತಿಳಿಯಿತು. ವೇಬ್ರಿಜ್‌ನ ವೇಗ ಮತ್ತು ಕರೆಂಟಿಲ್ಲದ ವೇಳೆಯ ಅಗತ್ಯಗಳನ್ನು ಅಳತೆಗೆ ಸಿಗುವಂತೆ ಬರೆದುಕೊಡಲು, ಹೆಚ್ಚುವರಿ ಶುಲ್ಕವಿಲ್ಲದೆ, ರೊಬಸ್ಟಾ ಆವಕದ ಸಮಯದಲ್ಲಿ ಮತ್ತೆ ಬಂದು ಕೂರಲು ತಂಡ ಒಪ್ಪಿದೆ. ಆ ಪುಟಗಳು ಸೇರುವವರೆಗೆ ನಿರ್ಮಾಣದ ಆದೇಶಕ್ಕೆ ಸಹಿ ಹಾಕುವುದಿಲ್ಲವೆಂದು ನಮ್ಮ ಆಡಳಿತ ಮಂಡಳಿ ತೀರ್ಮಾನಿಸಿದೆ.