ಕಪ್ಪು ಕಲ್ಲಿಗೆ ಬೆಳಕು ಬರಿಸಲು: ತೆಳ್ಳಗೆ ಕೊಯ್ಯಬೇಕೋ, ಆಸಿಡ್‌ಗೆ ಹಾಕಬೇಕೋ?

ಕುವೆಂಪುನಗರದ ನಮ್ಮ ಮನೆ ಹಿತ್ತಲಲ್ಲಿ, ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಹಳೇ ಮೇಜಿದೆ. ನನ್ನ ಕಲ್ಲು ಕೊಯ್ಯುವ ಹುಚ್ಚು ನಡೆಯುವುದು ಅಲ್ಲೇ. ಕಳೆದ ಮಳೆಗಾಲದಲ್ಲಿ ಎರಡು ಕಲ್ಲು ತರಿಸಿದ್ದೆ. ಒಂದು ಹುಲಿಗಣ್ಣು, ಅಂದರೆ ಟೈಗರ್ ಐ. ಇನ್ನೊಂದು ಹಸಿರು ಪಾಚಿಯಂಥ ಗೆರೆಗಳಿರುವ ಅಗೇಟ್. ಚಿತ್ತಾರವೇನೋ ಚೆನ್ನಾಗಿದೆ, ಆದರೆ ಎರಡೂ ಕತ್ತಲೆ. ಪಾಲಿಶ್ ಮಾಡಿದರೂ ದೂರಕ್ಕೆ ಇದ್ದಿಲಿನ ಹಾಗೇ ಕಾಣುತ್ತಿದ್ದವು.

"ನಾವು ಕಲ್ಲು ಕಪ್ಪಾಗ್ಲಿ ಅಂತ ಎಣ್ಣೆ ಹಚ್ತೀವಿ, ನೀವು ಬೆಳ್ಳಗಾಗ್ಲಿ ಅಂತ ಒದ್ದಾಡ್ತೀರಲ್ಲ ಸಾರ್!" ಎಂದು ಕೃಷ್ಣಶಿಲೆ ಕೆತ್ತುವ ಪರಿಚಯದ ಶಿಲ್ಪಿಯೊಬ್ಬರು ನಕ್ಕರು. ಅವರ ಕಲ್ಲು ಉಳಿಗೆ ಬಗ್ಗುತ್ತದೆ. ಗಡಸುತನದಲ್ಲಿ ವಜ್ರ 10 ಆದರೆ ನನ್ನ ಕಲ್ಲುಗಳು ಸುಮಾರು 7. ವಜ್ರದ ಪುಡಿ ಕೂರಿಸಿದ ಬ್ಲೇಡೇ ಬೇಕು.

ಮೊದಲು ಅಗೇಟ್ ಹಿಡಿದೆ. ಟೈಲ್ಸ್ ಕಟ್ಟರಿನ ಬ್ಲೇಡ್ ಸುಮಾರು 2 ಮಿ.ಮೀ. ಕಲ್ಲನ್ನು ಪುಡಿ ಮಾಡಿಯೇ ಮುಂದೆ ಹೋಗುತ್ತದೆ. 20 ಮಿ.ಮೀ. ದಪ್ಪದ ಕಲ್ಲಿನಲ್ಲಿ 2 ಮಿ.ಮೀ. ಬಿಲ್ಲೆ ಕೊಯ್ದರೆ ಐದೇ ಸಿಗುತ್ತವೆ. 0.8 ಮಿ.ಮೀ.ನ ತೆಳು ಬ್ಲೇಡಿನಲ್ಲಿ ಏಳು. ಬ್ಲೇಡಿನ ಬೆಲೆ ಜಾಸ್ತಿ, ನಿಜ. ಸ್ವಲ್ಪ ಒತ್ತಿದರೂ ಸೊಟ್ಟಗಾಗುತ್ತದೆ. ಆದರೂ ನನ್ನ ಓಟು ಅದಕ್ಕೇ, ಯಾಕಂದ್ರೆ ಟೈಲ್ಸ್ ಬ್ಲೇಡ್ ಅಂಚುಗಳನ್ನು ಹಪ್ಪಳದ ಹಾಗೆ ಚೂರು ಮಾಡಿತು. ಯಾವುದೇ ಬ್ಲೇಡಾಗಲಿ, ನೀರು ಹಾಕದೆ ಕೊಯ್ಯಬೇಡಿ. ಆ ದೂಳಿನಲ್ಲಿರುವ ಸಿಲಿಕಾ ಶ್ವಾಸಕೋಶವನ್ನು ಹಾಳು ಮಾಡುತ್ತದೆ.

5 ಮಿ.ಮೀ. ಇದ್ದಾಗ ಕಪ್ಪಾಗಿದ್ದ ಅಗೇಟ್ 2 ಮಿ.ಮೀ.ಗೆ ಇಳಿದಾಗ ಕೆರೆಯ ನೀರಿನಂತೆ ತೆರೆದುಕೊಂಡಿತು. ಅದರ ಹಿಂಬದಿಗೆ ಬಿಳಿ ಅಮೃತಶಿಲೆಯ ಚೂರೊಂದನ್ನು ಎಪಾಕ್ಸಿ ಅಂಟಿನಲ್ಲಿ ಅಂಟಿಸಿದೆ. ಒಳಗೆ ಹೋದ ಬೆಳಕು ತಿರುಗಿ ಬಂತು.

ಅದೇ ಹುಮ್ಮಸ್ಸಿನಲ್ಲಿ ಹುಲಿಗಣ್ಣನ್ನೂ ತೆಳ್ಳಗೆ ಕೊಯ್ದೆ. ದಂಡ. ಅದರ ಹೊಳಪು ಬೆಳಕು ತೂರಿ ಬರುವುದರಿಂದ ಬಂದದ್ದಲ್ಲ, ಒಳಗಿನ ನಾರಿನಂಥ ಎಳೆಗಳಿಗೆ ಬೆಳಕು ತಾಗಿ ಮರಳುವುದರಿಂದ. ತೆಳ್ಳಗಾದ ಬಿಲ್ಲೆ ಕೈಯಲ್ಲೇ ಮುರಿಯಿತು, ಅಷ್ಟೇ ಲಾಭ.

ಅದಕ್ಕೆ ಆಸಿಡ್ಡೇ ಸರಿ. ಮೊಸಾಯಿಕ್ ನೆಲ ಪಾಲಿಶ್ ಮಾಡುವವರು ಬಳಸುವ ಆಕ್ಸಾಲಿಕ್ ಆಸಿಡ್ ಪುಡಿ ತಂದೆ. ಒಂದು ಬಿಲ್ಲೆಯನ್ನು ಎರಡು ಹೋಳು ಮಾಡಿ, ಒಂದನ್ನು ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಆಸಿಡ್ ನೀರಿಗೆ ಹಾಕಿದೆ. ಮೂರು ದಿನ ಏನೂ ಇಲ್ಲ. ಎಂಟನೇ ದಿನಕ್ಕೆ ನೀರು ಹಳದಿ, ಕಲ್ಲು ಕರಿ ಬೆಲ್ಲದ ಬಣ್ಣದಿಂದ ಜೇನಿನ ಬಣ್ಣಕ್ಕೆ ಬಂದಿತ್ತು. ಆ ಕಪ್ಪು ಅಂದರೆ ಕಬ್ಬಿಣದ ತುಕ್ಕು, ಆಸಿಡ್ ಕರಗಿಸುವುದು ಅದನ್ನೇ. ಅಗೇಟ್ ಚೂರನ್ನೂ ಜೊತೆಗೆ ಹಾಕಿದ್ದೆ, ಕೂದಲೆಳೆಯಷ್ಟೂ ಬದಲಾಗಲಿಲ್ಲ. ಆಕ್ಸಾಲಿಕ್ ವಿಷ, ಮರೆಯಬೇಡಿ. ಕೈಗವಸು ಹಾಕಿ, ಅಡುಗೆಮನೆಯಿಂದ ದೂರವಿಡಿ. ಕಡೆಗೆ ಸೋಡಾಪುಡಿ ನೀರಿನಲ್ಲಿ ತೊಳೆಯಿರಿ.

ಇಷ್ಟೆಲ್ಲ ಆದ ಮೇಲೆ ತಿಳಿದದ್ದು ಇನ್ನೊಂದಿದೆ. ಪಕ್ಕಕ್ಕಿಟ್ಟಿದ್ದ ಹೋಳನ್ನು ಒಂದು ದಿನ ಸುಮ್ನೆ ಅರ್ಧ ಸುತ್ತು ತಿರುಗಿಸಿ ನೋಡಿದೆ. ಕಪ್ಪು ಪಟ್ಟೆ ಹೊನ್ನಾಯಿತು! ಎಳೆಗಳು ಓರೆಯಾಗಿದ್ದರೆ ಒಂದು ದಿಕ್ಕಿನಿಂದ ಮಂಕು, ಇನ್ನೊಂದರಿಂದ ಹೊಳಪು. ಆಸಿಡ್ ತರುವ ಮೊದಲೇ ಇದನ್ನು ನೋಡಬೇಕಿತ್ತು, ಅಲ್ವಾ?

ಗಾರ್ನೆಟ್ ಎಂಬ ಕಡುಗೆಂಪು ಕಲ್ಲಿಗೆ ಮಾತ್ರ ಈ ಯಾವುದೂ ಅಲ್ಲ. ಅದನ್ನು ಉಬ್ಬಾಗಿ ಕಡೆದು, ಹಿಂಬದಿಯನ್ನು ಬಟ್ಟಲಿನಂತೆ ತೋಡುವುದು ಹಳೇ ಕಾಲದ ರೂಢಿ. ನಾನು ಎರಡು ತೋಡಿದೆ. ಒಂದಕ್ಕೆ ತೂತು ಬಿತ್ತು. ಉಳಿದದ್ದು ದಾಳಿಂಬೆ ಕಾಳಿನ ಬಣ್ಣ.