ಡಿ90 ಮಾರಲು ಹೋಗಿ ವಾಪಸ್ ತಂದೆ: ಹಳೇ ಡಿಎಸ್‌ಎಲ್‌ಆರ್, ಹೊಸ ಸೂಪರ್‌ಜೂಮ್, ಒಂದು ಫ್ಲೆಮಿಂಗೊ ಸೀಸನ್

ಮುಂಬೈಯ ಬೋರಾ ಬಜಾರಿನ ಅಂಗಡಿಯವನು ನನ್ನ ನಿಕಾನ್ ಡಿ90ಯನ್ನು ಎರಡು ಸಲ ತಿರುಗಿಸಿ ನೋಡಿದ. ರಬ್ಬರ್ ಎದ್ದಿದ್ದ ಜಾಗವನ್ನು ಹೆಬ್ಬೆರಳಲ್ಲಿ ಒತ್ತಿದ. ಆಮೇಲೆ ಐದೂವರೆ ಸಾವಿರ ಎಂದ, ಅದೂ ನಿಮ್ಮ ಮುಖ ನೋಡಿ ಅಂತ. ನಿಕಾನಿನದೇ ಹೊಸ ಸೂಪರ್‌ಜೂಮ್ ಪಿ950 ತಗೊಂಡು ಆಗ ಹತ್ತು ದಿನ ಆಗಿತ್ತು, ಕೈ ಖಾಲಿ, ಹಳೇದನ್ನು ಮಾರಿ ಸ್ವಲ್ಪ ದುಡ್ಡು ವಾಪಸ್ ತರ್ತೀನಿ ಎಂದು ಮನೆಯಲ್ಲಿ ಮಾತು ಬೇರೆ ಕೊಟ್ಟು ಬಂದಿದ್ದೆ. ಆದರೂ ಐದೂವರೆ ಸಾವಿರ ಎಂದಾಗ ಹೊಟ್ಟೆ ಉರಿಯಿತು. ಈ ಸೀಸನ್ ಎರಡನ್ನೂ ಜೊತೆಗೇ ಹೊತ್ತು ನೋಡೋಣ, ಆಮೇಲೆ ಮಾರಿದರಾಯಿತು ಎಂದುಕೊಂಡು ಸಿಎಸ್‌ಎಂಟಿಯಲ್ಲಿ ಹಾರ್ಬರ್ ಲೈನಿನ ಲೋಕಲ್ ಹತ್ತಿ ನೆರೂಳಿಗೆ ಬಂದುಬಿಟ್ಟೆ.

ಅದು ಡಿಸೆಂಬರ್. ಈಗ ಏಪ್ರಿಲ್ ಮುಗಿಯುತ್ತಾ ಬಂದಿದೆ.

ಗೊತ್ತಿಲ್ಲದವರಿಗೆ ಎರಡು ಮಾತು. ಡಿ90 ಬಂದದ್ದು 2008ರಲ್ಲಿ. 12.3 ಮೆಗಾಪಿಕ್ಸೆಲ್, ಲೆನ್ಸ್ ಬದಲಾಯಿಸಬಹುದು. ವಿಡಿಯೊ ತೆಗೆಯುವ ಮೊದಲ ಡಿಎಸ್‌ಎಲ್‌ಆರ್ ಅಂತ ಆಗ ದೊಡ್ಡ ಸುದ್ದಿಯಾಗಿತ್ತು, ಈಗ ಆ 720ಪಿ ವಿಡಿಯೊ ನೋಡಿದರೆ ನಗು ಬರುತ್ತದೆ. ನನ್ನ ಹತ್ತಿರ ಅದಕ್ಕೆ ಮೂರು ಲೆನ್ಸ್: ಕ್ಯಾಮೆರಾ ಜೊತೆಗೇ ಬಂದ 18-105, ಹಕ್ಕಿಗೆ ಅಂತ ತಗೊಂಡ 70-300, ಮತ್ತೆ ಪುಟ್ಟ 50 ಎಂಎಂ ಎಫ್1.8. ಪಿ950 ಬಂದದ್ದು 2020ರಲ್ಲಿ. 16 ಮೆಗಾಪಿಕ್ಸೆಲ್, 83 ಪಟ್ಟು ಜೂಮ್, ಡಬ್ಬದ ಮೇಲೆ 24ರಿಂದ 2000 ಎಂಎಂ ಅಂತ ಬರೆದಿರುತ್ತಾರೆ. ಲೆನ್ಸ್ ಬಿಚ್ಚುವಂತಿಲ್ಲ. ತಗೊಂಡ ಹಾಗೆಯೇ ಕೊನೆಯವರೆಗೆ.

ಮೊದಲ ಪರೀಕ್ಷೆ ಶಿವಡಿ ಜೆಟ್ಟಿಯಲ್ಲಿ. ಅಲ್ಲಿಗೆ ಹೋಗುವವರಿಗೆ ಗೊತ್ತು, ಎಲ್ಲ ನೀರಿನ ಏರಿಳಿತದ ಮೇಲೆ ನಿಂತಿದೆ. ಪೂರ್ತಿ ಇಳಿತ ಇದ್ದರೆ ಫ್ಲೆಮಿಂಗೊಗಳು ದೂರದ ಕೆಸರಿನಲ್ಲಿ ಗುಲಾಬಿ ಗೆರೆ ಎಳೆದ ಹಾಗೆ ಕಾಣುತ್ತವೆ, ನೀರು ಏರುತ್ತಾ ಬಂದ ಹಾಗೆ ಅವೂ ದಡದ ಕಡೆ ಸರಿಯುತ್ತವೆ. ನಾನು ಭರತದ ಲೆಕ್ಕ ತಪ್ಪಿಸಿಕೊಂಡು ಒಂದು ಗಂಟೆ ಮೊದಲೇ ಹೋಗಿದ್ದೆ. ಪಕ್ಕದಲ್ಲಿ ಅಟಲ್ ಸೇತು, ಎದುರಿಗೆ ಗೆರೆ. ಡಿ90ಗೆ 70-300 ಹಾಕಿ ಪೂರ್ತಿ ಎಳೆದರೂ ಗೆರೆ ಗೆರೆಯಾಗಿಯೇ ಉಳಿಯಿತು. ಪಿ950 ಎತ್ತಿ ಜೂಮ್ ಒತ್ತಿದೆ. ಗೆರೆ ಕಾಲುಗಳಾಯಿತು, ಕತ್ತುಗಳಾಯಿತು, ಕೊನೆಗೆ ಒಂದು ಹಕ್ಕಿಯ ಕೊಕ್ಕಿನ ಬಣ್ಣ ಕಂಡಿತು. ಪೂರ್ತಿ ಗಾಢ ಕೆಂಪು ಕೊಕ್ಕು, ಅಂದರೆ ಸಣ್ಣ ಜಾತಿಯ ಫ್ಲೆಮಿಂಗೊ. ದೊಡ್ಡ ಜಾತಿಯದಕ್ಕೆ ಗುಲಾಬಿ ಕೊಕ್ಕು, ತುದಿ ಮಾತ್ರ ಕಪ್ಪು. ಇಷ್ಟು ವರ್ಷ ಇದನ್ನು ಪಕ್ಕದವರ ದೂರದರ್ಶಕ ಕೇಳಿ ಇಸಿದುಕೊಂಡು ನೋಡುತ್ತಿದ್ದೆ. ಸುಳ್ಳು ಯಾಕೆ ಹೇಳಲಿ, ಅವತ್ತು ಬೆಳಿಗ್ಗೆ ಡಿ90 ಕಥೆ ಮುಗಿಯಿತು ಎಂದೇ ಅನ್ನಿಸಿತ್ತು.

ಆ 2000 ಎಂಎಂ ಬಗ್ಗೆ ಮನೆಗೆ ಬಂದು ಲೆಕ್ಕ ಹಾಕಿದೆ. ಪಿ950 ಲೆನ್ಸಿನ ನಿಜವಾದ ಉದ್ದ ಕೊನೆಯ ತುದಿಯಲ್ಲಿ 357 ಎಂಎಂ, ಅಷ್ಟೇ. ಒಳಗೆ ಚಿತ್ರ ಹಿಡಿಯುವ ಸೆನ್ಸರ್ ಚಿಕ್ಕ ಉಗುರಿನಷ್ಟಿರುವುದರಿಂದ, ಹಳೇ ಫಿಲ್ಮ್ ಕ್ಯಾಮೆರಾದ ಲೆಕ್ಕದಲ್ಲಿ ಅದು 2000ಕ್ಕೆ ಸಮ. ನನ್ನ 300 ಅದೇ ಲೆಕ್ಕದಲ್ಲಿ 450. ಕೇಳಲಿಕ್ಕೆ ಆಕಾಶ ಭೂಮಿ ವ್ಯತ್ಯಾಸ. ಆದರೆ ಲೆನ್ಸುಗಳ ಮಟ್ಟಿಗೆ ನೋಡಿದರೆ 300 ಮತ್ತು 357, ಅಣ್ಣ ತಮ್ಮ.

ಇನ್ನೂ ಮಜಾ ಇದೆ. ಬೆಳಕು ಒಳಗೆ ಬರುವ ಕಿಂಡಿ ಎಷ್ಟು ಅಗಲ ಎಂದು ನೋಡಬೇಕಾದರೆ ಲೆನ್ಸಿನ ಉದ್ದವನ್ನು ಎಫ್ ಸಂಖ್ಯೆಯಿಂದ ಭಾಗಿಸಬೇಕು. 357ನ್ನು 6.5ರಿಂದ ಭಾಗಿಸಿದರೆ 55 ಎಂಎಂ. 300ನ್ನು 5.6ರಿಂದ ಭಾಗಿಸಿದರೆ ಸುಮಾರು 54. ಎರಡೂ ಒಂದೇ! ಮುಂದೆ ಹಾಕುವ ಫಿಲ್ಟರ್ ಕೂಡ ಎರಡಕ್ಕೂ 67 ಎಂಎಂ, ನನ್ನ ಹಳೇ ಯುವಿ ಫಿಲ್ಟರ್ ಪಿ950 ಮೇಲೆ ಸುಮ್ನೆ ಕೂತುಬಿಟ್ಟಿತು. ಉಡುಪಿ ಕಡೆಯವನಾದ ನನಗೆ ಕಿಂಡಿಯ ಮಹಿಮೆ ಬೇರೆಯವರು ಹೇಳಿಕೊಡಬೇಕಾಗಿರಲಿಲ್ಲ, ಆದರೂ ಈ ಲೆಕ್ಕ ಹೊಳೆಯಲು ಇಷ್ಟು ವರ್ಷ ಬೇಕಾಯಿತು. ಒಂದು ಹಕ್ಕಿಯಿಂದ ಬರುವ ಬೆಳಕನ್ನು ಎರಡು ಲೆನ್ಸೂ ಸರಿಸುಮಾರು ಅಷ್ಟಷ್ಟೇ ಹಿಡಿಯುತ್ತವೆ. ಪಿ950 ಅದನ್ನು ಪುಟ್ಟ ಪುಟ್ಟ ಪಿಕ್ಸೆಲ್‌ಗಳ ಮೇಲೆ ಹರಡುತ್ತದೆ, ಡಿ90 ದೊಡ್ಡ ಪಿಕ್ಸೆಲ್‌ಗಳಲ್ಲಿ ತುಂಬುತ್ತದೆ.

ನಂಬಿಕೆ ಬಾರದಿದ್ದರೆ ಚಂದ್ರನನ್ನು ನೋಡಿ. ಹುಣ್ಣಿಮೆಯ ರಾತ್ರಿ ಬಾಲ್ಕನಿಯಿಂದ ಎರಡರಲ್ಲೂ ತೆಗೆದೆ. ಡಿ90ಯಲ್ಲಿ ಚಂದ್ರ ಅಡ್ಡಕ್ಕೆ ಸುಮಾರು 500 ಪಿಕ್ಸೆಲ್, ಪಿ950ಯಲ್ಲಿ 2400ರ ಹತ್ತಿರ, ಫ್ರೇಮ್ ತುಂಬ. ಸೆನ್ಸರ್ ಮೇಲೆ ಬಿದ್ದ ಬಿಂಬ ಅಳೆದರೆ ಒಂದರಲ್ಲಿ 2.7 ಎಂಎಂ, ಇನ್ನೊಂದರಲ್ಲಿ 3.2. ಬಿಂಬದಲ್ಲಿ ಇಷ್ಟು ಸಣ್ಣ ವ್ಯತ್ಯಾಸ, ಫೋಟೊದಲ್ಲಿ ಅಷ್ಟು ದೊಡ್ಡದು. ಡಯಲ್ ಮೇಲೆ ಚಂದ್ರನಿಗೇ ಅಂತ ಒಂದು ಮೋಡ್ ಬೇರೆ ಇದೆ, ಪಕ್ಕದಲ್ಲಿ ಹಕ್ಕಿಗೂ ಒಂದು. ಮಗಳು ಚಂದ್ರನ ಮೋಡ್‌ಗೆ ತಿರುಗಿಸಿ, ಸ್ಟ್ಯಾಂಡ್ ಇಲ್ಲದೆ, ಕೈಯಲ್ಲೇ ಹಿಡಿದು ಹಳ್ಳ ಕುಳಿ ಎಲ್ಲ ಕಾಣುವ ಹಾಗೆ ತೆಗೆದಳು. ನಾನು ಡಿ90ಯನ್ನು ಟ್ರೈಪಾಡ್‌ಗೆ ಸಿಕ್ಕಿಸುವಷ್ಟರಲ್ಲಿ ಅವಳದ್ದು ಫ್ಯಾಮಿಲಿ ಗ್ರೂಪಿಗೆ ಹೋಗಿ ಅತ್ತಿಗೆಯಿಂದ 'ಭಾರೀ ಚಂದ' ಅಂತ ಉತ್ತರವೂ ಬಂದಿತ್ತು.

ಹಾಗಂತ 2000 ಎಂಎಂ ಯಾವಾಗಲೂ ಕೈ ಹಿಡಿಯುವುದಿಲ್ಲ. ಬೆಳಿಗ್ಗೆ ಒಂಬತ್ತರ ನಂತರ ಕೆಸರಿನ ಮೇಲೆ ಬಿಸಿ ಗಾಳಿ ಏಳುತ್ತದೆ, ಹಕ್ಕಿ ನೀರಲ್ಲಿ ಅದ್ದಿದ ಹಾಗೆ ಅಲುಗಾಡುತ್ತದೆ. ಅಂಥ ಹೊತ್ತಲ್ಲಿ ಜೂಮ್ ಎಳೆದಷ್ಟೂ ಸಿಗುವುದು ಗಾಳಿಯ ಫೋಟೊ. ಇನ್ನೊಂದು ಕಷ್ಟ, ಪೂರ್ತಿ ಎಳೆದಾಗ ಕಾಣುವ ನೋಟ ಒಂದು ಡಿಗ್ರಿಗಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಹಕ್ಕಿ ಒಂದು ಹೆಜ್ಜೆ ಇಟ್ಟರೆ ಮಾಯ. ಲೆನ್ಸಿನ ಪಕ್ಕದಲ್ಲಿ ಒಂದು ಗುಂಡಿ ಕೊಟ್ಟಿದ್ದಾರೆ, ಒತ್ತಿದರೆ ನೋಟ ಅಗಲವಾಗುತ್ತದೆ, ಹಕ್ಕಿ ಸಿಕ್ಕಮೇಲೆ ಬಿಟ್ಟರೆ ಮತ್ತೆ ಹತ್ತಿರ ಹೋಗುತ್ತದೆ. ಇದನ್ನು ಯೋಚಿಸಿದ ಪುಣ್ಯಾತ್ಮ ಖಂಡಿತ ಹಕ್ಕಿ ಕಳಕೊಂಡವನೇ ಇರಬೇಕು.

ಮಾರ್ಚ್ ತಿಂಗಳಲ್ಲಿ ಆಟ ತಿರುಗಿತು. ದೊಡ್ಡ ಭರತದ ದಿನ ಕ್ರೀಕ್‌ನ ಕೆಸರೆಲ್ಲ ಮುಳುಗಿದಾಗ ಫ್ಲೆಮಿಂಗೊಗಳು ನಮ್ಮ ನೆರೂಳ್, ಸೀವುಡ್ಸ್ ಕಡೆಯ ಕೆರೆಗಳಿಗೆ ಬಂದಿಳಿಯುತ್ತವೆ. ಇಲ್ಲಿ ಹಕ್ಕಿ ಹತ್ತಿರ. ಹತ್ತಿರ ಮಾತ್ರವಲ್ಲ, ತಲೆಯ ಮೇಲೇ ಹಾರಿ ಬರುತ್ತವೆ. ಕತ್ತು ಮುಂದಕ್ಕೆ, ಕಾಲು ಹಿಂದಕ್ಕೆ ಚಾಚಿ, ರೆಕ್ಕೆಯ ಕೆಂಪು ಕಪ್ಪು ಬಿಚ್ಚಿಕೊಂಡು. ಪಿ950 ಎತ್ತಿದೆ. ಜೂಮ್ ಮೋಟಾರಿನದು, ಅದು ತನ್ನ ಪಾಡಿಗೆ ಗೊರ್ ಎನ್ನುತ್ತಾ ಸರಿಯುತ್ತದೆ, ಫೋಕಸ್ ಆಕಾಶದಲ್ಲಿ ಹುಡುಕಾಡುತ್ತದೆ. ಸೆಕೆಂಡಿಗೆ 7ರಂತೆ 10 ಫೋಟೊ ಹೊಡೆದು ಆಮೇಲೆ ಕಾರ್ಡಿಗೆ ಬರೆಯಲು ಕೂತುಕೊಳ್ಳುತ್ತದೆ. ಅಷ್ಟರಲ್ಲಿ ಹಕ್ಕಿ ಉರಣದ ಕಡೆ ಹೋಗಿಯಾಗಿತ್ತು. ಹತ್ತರಲ್ಲಿ ಎರಡರಲ್ಲಿ ಬಾಲ ಇತ್ತು.

ಡಿ90 ಸೆಕೆಂಡಿಗೆ 4.5 ಮಾತ್ರ. ಕಾಗದದ ಮೇಲೆ ಸೋತ ಹಾಗೆ. ಆದರೆ ಜೂಮ್ ರಿಂಗ್ ಕೈಯಲ್ಲೇ ಇದೆ, ಮಣಿಕಟ್ಟು ತಿರುಗಿಸಿದರೆ ಮುಗಿಯಿತು. ಕಣ್ಣಿಟ್ಟರೆ ಗಾಜಿನಲ್ಲಿ ನಿಜವಾದ ಹಕ್ಕಿಯೇ ಕಾಣುತ್ತದೆ, ಪರದೆಯ ಮೇಲಿನ ತಡವಾದ ಹಕ್ಕಿಯಲ್ಲ. ಅವತ್ತು ಒಂಬತ್ತು ಹಕ್ಕಿಗಳ ಒಂದು ಸಾಲು ಸಿಕ್ಕಿತು, ಎಲ್ಲದರ ಕಣ್ಣೂ ಚೂಪು. 2008ರ 11 ಪಾಯಿಂಟಿನ ಫೋಕಸ್ಸು! ಪಕ್ಕದಲ್ಲಿ ದೊಡ್ಡ ಬಿಳಿ ಲೆನ್ಸ್ ಹಿಡಿದವರೊಬ್ಬರು ಬಗ್ಗಿ ನೋಡಿ 'ಕೌನ್‌ಸಾ ಬಾಡಿ ಹೈ', ಯಾವ ಕ್ಯಾಮೆರಾ ಎಂದು ಕೇಳಿದರು. ಹೇಳಿದೆ. ಅವರು ಮಾತಾಡಲಿಲ್ಲ.

ಕತ್ತಲ ಪರೀಕ್ಷೆ ಮಾಟುಂಗಾದಲ್ಲಿ ಆಯಿತು. ಊರಿನ ಯಕ್ಷಗಾನ ಮೇಳ ಬಂದಿತ್ತು, ಸಭಾಂಗಣದಲ್ಲಿ ಅಭಿಮನ್ಯು ಕಾಳಗ. ಹತ್ತನೇ ಸಾಲಿನಲ್ಲಿ ಕೂತಿದ್ದೆ, ಡಿ90ಗೆ 50 ಎಂಎಂ. ಪುಂಡುವೇಷದ ಹುಡುಗ ಚೆಂಡೆ ಏರಿದ ಹಾಗೆ ಗಿರಗಿರ ಸುತ್ತಿ ಧೀಂಗಿಣ ಹೊಡೆಯುತ್ತಾನೆ, ಅವನನ್ನು ಫೋಟೊದಲ್ಲಿ ನಿಲ್ಲಿಸಬೇಕಾದರೆ ಶಟರ್ 1/250 ಸೆಕೆಂಡ್ ಆದರೂ ಬೇಕು. ಐಎಸ್‌ಒ, ಅಂದರೆ ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, 1600, ಎಫ್2.2, ಹೊಡೆದೆ. ಕಾಳು ಕಾಳಾಗಿ ಸ್ವಲ್ಪ ಇದೆ, ಆದರೆ ಮುಖದ ಬಣ್ಣದ ಗೆರೆ, ಬೆವರು, ಗೆಜ್ಜೆ, ಎಲ್ಲ ಇದೆ. ಪಿ950ಯಲ್ಲಿ ಅದೇ ನೋಟಕ್ಕೆ ಜೂಮ್ ಮಾಡಿ ಅದೇ ಶಟರ್ ಇಟ್ಟರೆ ಐಎಸ್‌ಒ ಸೀದಾ ಮೇಲಕ್ಕೆ ಓಡಿತು. ಬಂದ ಚಿತ್ರ ಜಲವರ್ಣದ ಹಾಗೆ. ಹುಡುಗನ ಮೂಗೂ ಮುಂಡಾಸೂ ಒಂದರೊಳಗೊಂದು ಕಲೆಸಿಹೋಗಿತ್ತು.

ಇಲ್ಲೂ ಕಿಂಡಿಯ ಲೆಕ್ಕವೇ ನೋಡಿ. 50 ಎಂಎಂ ಎಫ್1.8ರ ಕಿಂಡಿ 28 ಎಂಎಂ. ಅದೇ ನೋಟಕ್ಕೆ ಪಿ950 ಲೆನ್ಸಿನ ನಿಜ ಉದ್ದ 13 ಚಿಲ್ಲರೆ, ಅದರ ಅತಿ ದೊಡ್ಡ ಎಫ್2.8 ಸಿಕ್ಕಿತು ಎಂದೇ ಇಟ್ಟುಕೊಂಡರೂ ಕಿಂಡಿ 5 ಎಂಎಂ ಆಗುವುದಿಲ್ಲ. ವಿಸ್ತೀರ್ಣದಲ್ಲಿ 30 ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಜುಲೈ ಮಳೆಯಲ್ಲಿ ಒಬ್ಬರು ಕೊಳಗ ಇಟ್ಟು ಕೂತಿದ್ದಾರೆ, ಇನ್ನೊಬ್ಬರು ಚಹಾದ ಕಟಿಂಗ್ ಗ್ಲಾಸು. ದೂರದ ಹಕ್ಕಿಯ ಹತ್ತಿರ ಸಮ ಇದ್ದವರು ಹತ್ತಿರದ ಮನುಷ್ಯನ ಹತ್ತಿರ ಹೀಗಾಗುತ್ತಾರೆ. ಆದ್ದರಿಂದ ಯಾರಾದರೂ 'ಜೂಮ್ ಎಷ್ಟು' ಎಂದು ಕೇಳಿದರೆ ನಾನೀಗ 'ಏನು ತೆಗೆಯುತ್ತೀರಿ, ಎಷ್ಟು ಹೊತ್ತಿಗೆ' ಎಂದು ತಿರುಗಿ ಕೇಳುತ್ತೇನೆ.

ಉಳಿದದ್ದು ಬೇಗ ಹೇಳಿ ಮುಗಿಸುತ್ತೇನೆ. ಭಾರ: ಪಿ950 ಒಂದು ಕಿಲೋ, ಡಿ90 ಮೂರು ಲೆನ್ಸಿನ ಜೊತೆ ಎರಡು ಕಿಲೋ. ಬೆಳಿಗ್ಗೆ 8.40ರ ಲೋಕಲ್‌ನಲ್ಲಿ ಬ್ಯಾಗನ್ನು ಎದೆಗೆ ಕಟ್ಟಿಕೊಂಡು ನಿಂತವರಿಗೆ ಆ ಒಂದು ಕಿಲೋ ಏನೆಂದು ಗೊತ್ತು. ಬ್ಯಾಟರಿ: ಡಿ90 ಒಂದು ಚಾರ್ಜಿಗೆ 850 ಫೋಟೊ, ಪಿ950 ಕಂಪನಿ ಲೆಕ್ಕದಲ್ಲೇ 290. ಆದರೆ ಇದನ್ನು ಪವರ್ ಬ್ಯಾಂಕಿಗೆ ಚುಚ್ಚಬಹುದು, ಅದಕ್ಕೆ ಚಾರ್ಜರ್ ಗೋಡೆಯಲ್ಲೇ ಬೇಕು. ವಿಡಿಯೊ: ಹೋಲಿಕೆಯೇ ಇಲ್ಲ. ಪಿ950 4ಕೆ ತೆಗೆಯುತ್ತದೆ, ಡಿ90 ಐದು ನಿಮಿಷಕ್ಕೆ ನಿಲ್ಲುತ್ತದೆ, ಅದರಲ್ಲೂ ಫೋಕಸ್ ನಾವೇ ಮಾಡಬೇಕು.

ಧೂಳು ಮತ್ತು ಮಳೆಗಾಲದ ವಿಷಯ ಮಾತ್ರ ಸ್ವಲ್ಪ ಹೇಳಬೇಕು, ಯಾಕೆಂದರೆ ಇದು ಮುಂಬೈ. ಜೆಟ್ಟಿಯ ಉಪ್ಪು ಗಾಳಿಯಲ್ಲಿ ಲೆನ್ಸ್ ಬದಲಾಯಿಸಿದ್ದಕ್ಕೆ ಸೆನ್ಸರ್ ಮೇಲೆ ಚುಕ್ಕೆ ಬಿದ್ದು, ಎಫ್11ರಲ್ಲಿ ತೆಗೆದ ಆಕಾಶದಲ್ಲೆಲ್ಲ ಅದೇ ಕಾಗೆ. ಪಿ950ಗೆ ಆ ತಲೆನೋವಿಲ್ಲ. ಹಿಂದೊಂದು ಮಳೆಗಾಲದಲ್ಲಿ 50 ಎಂಎಂ ಲೆನ್ಸನ್ನು ಬಟ್ಟೆ ಕಪಾಟಿನಲ್ಲಿ ಇಟ್ಟು ಮರೆತಿದ್ದೆ, ಗಣಪತಿ ಹಬ್ಬಕ್ಕೆ ತೆಗೆದರೆ ಒಳಗೆ ಜೇಡರ ಬಲೆಯ ಹಾಗೆ ಫಂಗಸ್. ರಿಪೇರಿಗೆ ಕೊಟ್ಟವರು ಮೂರು ವಾರ ಇಟ್ಟುಕೊಂಡು, ಬಿಚ್ಚದೆಯೇ 'ಆಗೋದಿಲ್ಲ' ಎಂದು ಕೊಟ್ಟರು. ಇನ್ನೊಂದು ಕಡೆ ಆಯಿತು. ಆಗ ಒಂದು ಲೆನ್ಸ್ ಹೋದರೂ ಉಳಿದ ಎರಡು ಇದ್ದವು. ಪಿ950 ಲೆನ್ಸಿಗೆ ಫಂಗಸ್ ಹಿಡಿದರೆ ಕ್ಯಾಮೆರಾವೇ ಹೋದ ಹಾಗೆ. ಅದಕ್ಕೇ ಈಗ ಎರಡನ್ನೂ ಗಾಳಿಯಾಡದ ಅಕ್ಕಿ ಡಬ್ಬದಲ್ಲಿ, ಸಿಲಿಕಾ ಜೆಲ್ ಪೊಟ್ಟಣಗಳ ಜೊತೆ ಮಲಗಿಸಿದ್ದೇನೆ. ಅಕ್ಕಿ ಈಗ ಬಕೆಟ್‌ನಲ್ಲಿದೆ, ಆ ಬಗ್ಗೆ ಮನೆಯಲ್ಲಿ ಮಾತು ಬೇಡ.

ಹೋದ ಭಾನುವಾರ ಲ್ಯಾಪ್‌ಟಾಪ್ ಮುಂದೆ ಕೂತು ನಾಲ್ಕು ತಿಂಗಳ ಫೋಟೊಗಳಲ್ಲಿ ಇಟ್ಟುಕೊಂಡದ್ದನ್ನು ಎಣಿಸಿದೆ. ದೂರದ ಹಕ್ಕಿ, ಚಂದ್ರ, ವಿಡಿಯೊ ಎಲ್ಲ ಪಿ950. ಹಾರುವ ಹಕ್ಕಿಗೆ 70-300, ಯಕ್ಷಗಾನ ಮತ್ತು ಮನೆಯವರ ಮುಖಕ್ಕೆ 50. 18-105ರಲ್ಲಿ ತೆಗೆದದ್ದು ನಾಲ್ಕೇ ನಾಲ್ಕು, ಅದೂ ಸೊಸೈಟಿಯ ಹಳದಿ ಕುಂಕುಮದ ಗುಂಪು ಫೋಟೊ, ಅವನ್ನು ಎಲ್ಲರೂ ಫೋನಿನಲ್ಲಿ ಇನ್ನೂ ಚೆನ್ನಾಗಿಯೇ ತೆಗೆದಿದ್ದರು.

ಸೋಮವಾರ ಆಫೀಸಿಂದ ಹಾಗೇ ಬೋರಾ ಬಜಾರಿಗೆ ಹೋದೆ. ಅವನು ನನ್ನ ಗುರುತು ಹಿಡಿದು, ಡಿ90 ತಂದ್ರಾ ಎಂದ. 18-105 ಮುಂದಿಟ್ಟೆ. ಮೂರು ಸಾವಿರ ಕೊಟ್ಟ. ಮನೆಗೆ ಬಂದು ಹೆಂಡತಿಯ ಕೈಗೆ ಕೊಟ್ಟರೆ ಎರಡು ಸಲ ಎಣಿಸಿದಳು.

'ಕ್ಯಾಮೆರಾ ಮಾರಿದ್ದಾ ಇದು?'

'ಸ್ವಲ್ಪ ಭಾಗ.'

'ಹಾಗಾದ್ರೆ ಒಂದು ಹೊಸ ಅಕ್ಕಿ ಡಬ್ಬ ತರ್ತೀನಿ,' ಎಂದು ದುಡ್ಡನ್ನು ಪರ್ಸಿಗೆ ಹಾಕಿಕೊಂಡಳು.